ಸೊಂಟದ ಸಣ್ಣ ಪಿಸ್ತೂಲು: ನಂಬಿಕೆ ಎಷ್ಟು, ನಿಜ ಎಷ್ಟು

ಪಿಸ್ತೂಲು ಸಣ್ಣದಾದಷ್ಟೂ ಒಳ್ಳೆಯದು, ಅಂಗಿಯ ಕೆಳಗೆ ಕಾಣುವುದಿಲ್ಲ, ಕೈಗೆ ಹಗುರ, ಹೊಸಬರಿಗೂ ಹೆಣ್ಣುಮಕ್ಕಳಿಗೂ ಸಲೀಸು. ಆತ್ಮರಕ್ಷಣೆಗೆಂದು ಪರವಾನಗಿ ಕೇಳುವ ವ್ಯಾಪಾರಿ, ಗುತ್ತಿಗೆದಾರರಲ್ಲಿ ಈ ಲೆಕ್ಕಾಚಾರ ಸಾಮಾನ್ಯ. ಇದರಲ್ಲಿ ಅಂಗಿಯ ಕೆಳಗೆ ಕಾಣುವುದಿಲ್ಲ ಎಂಬ ಮಾತೊಂದೇ ಖರೆ. ಸಣ್ಣದು ಅಡಗುತ್ತದೆ, ಅಷ್ಟೇ. ಅಡಗುವುದಕ್ಕೆ ಅನುಕೂಲವಾಗುವ ಗುಣಗಳೇ ಗುರಿ ಇಡುವುದಕ್ಕೆ ತೊಡಕಾಗುತ್ತವೆ ಎಂಬುದನ್ನು ಯಾರೂ ಯೋಚಿಸುವುದಿಲ್ಲ.

ಮೊದಲು, ನಮ್ಮ ಮುಂದಿರುವ ಆಯ್ಕೆಯೇ ಬೇರೆ. ಯೂಟ್ಯೂಬಿನಲ್ಲಿ ಅಮೆರಿಕದವರು ಕೊಂಡಾಡುವ ಪುಟ್ಟ ಪಿಸ್ತೂಲುಗಳಲ್ಲಿ ಹೆಚ್ಚಿನವು 9 ಎಂಎಂ. ಭಾರತದಲ್ಲಿ ಅದು ನಿಷೇಧಿತ ಬೋರ್, ಸಾಮಾನ್ಯ ನಾಗರಿಕರಿಗೆ ಸಿಗುವಂಥದ್ದಲ್ಲ. ನಮಗೆ ಉಳಿಯುವುದು ಮುಖ್ಯವಾಗಿ .32 ಬೋರಿನ ರಿವಾಲ್ವರ್ ಮತ್ತು ಪಿಸ್ತೂಲು. ಎರಡರ ಮೇಲೂ .32 ಎಂದೇ ಬರೆದಿದ್ದರೂ ರಿವಾಲ್ವರಿನ ಕಾಡತೂಸು ಉದ್ದ, ಪಿಸ್ತೂಲಿನದು ಗಿಡ್ಡ. ಒಂದರದು ಇನ್ನೊಂದಕ್ಕೆ ನಡೆಯುವುದಿಲ್ಲ. ಪರವಾನಗಿಗೆ ಹುಬ್ಬಳ್ಳಿ-ಧಾರವಾಡ ನಗರದವರು ನವನಗರದ ಪೊಲೀಸ್ ಕಮಿಷನರ್ ಕಚೇರಿಗೆ ಹೋಗಬೇಕು, ಕಲಘಟಗಿ, ಕುಂದಗೋಳ, ನವಲಗುಂದದ ಕಡೆಯವರು ಜಿಲ್ಲಾಧಿಕಾರಿ ಕಚೇರಿಗೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು 20 ಇಂಚಿಗೆ ಕಡಿಮೆಯಿಲ್ಲದ ನಳಿಕೆಯ ನುಣುಪು ಬೋರಿನ ಬಂದೂಕನ್ನು ರಕ್ಷಣೆಗೆ ಕೇಳಿದವರನ್ನು ಒಂದು ಸಾಲಿನಲ್ಲಿ ನಿಲ್ಲಿಸುತ್ತದೆ, ಪಿಸ್ತೂಲು ಕೇಳಿದವರನ್ನು ಇನ್ನೊಂದರಲ್ಲಿ. ಎರಡನೆಯವರು ತಮಗೆ ತಕ್ಕ ಕಾರಣವಿದೆ ಎಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ಅಡಗಿಸಬಹುದಾದ ಆಯುಧವನ್ನು ಕಾಯ್ದೆ ಮೊದಲಿನಿಂದಲೂ ಹೆಚ್ಚು ಅನುಮಾನದಿಂದಲೇ ನೋಡಿದೆ.

ಇನ್ನು ಹಗುರದ ಮಾತು. 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆ ‘ನಿರ್ಭೀಕ್’ ರಿವಾಲ್ವರನ್ನು ಹೊರತಂದಾಗ ಅದು ಮಹಿಳೆಯರ ರಿವಾಲ್ವರ್ ಎಂದೇ ಸುದ್ದಿಯಾಯಿತು. ಟೈಟೇನಿಯಂ ಮಿಶ್ರಲೋಹದ ಮೈ, ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1.22 ಲಕ್ಷ ರೂಪಾಯಿ. 2023ರಲ್ಲಿ ಕಾನ್ಪುರದಿಂದಲೇ ಬಂದ ‘ಪ್ರಬಲ್’ ಸುಮಾರು 700 ಗ್ರಾಂ. ಎರಡೂ .32. ಗುಂಡು ಮುಂದಕ್ಕೆ ಹಾರುವಾಗ ಆಯುಧ ಹಿಂದಕ್ಕೆ ಒದೆಯುತ್ತದೆ, ಆಯುಧ ಹಗುರಾದಷ್ಟೂ ಒದೆತ ಜೋರು. ಅದೇ ಕಾಡತೂಸಿಗೆ 700 ಗ್ರಾಮಿನದಕ್ಕಿಂತ 500 ಗ್ರಾಮಿನದರ ಒದೆತದ ಶಕ್ತಿ 1.4 ಪಟ್ಟು. ಹೊಸಗೈಗೆ ಸಲೀಸೆಂದು ಕೊಂಡದ್ದೇ ಎರಡನೆಯ ಗುಂಡಿಗೆ ಕೈಯನ್ನು ಅಲುಗಿಸಿಬಿಡುತ್ತದೆ. ನಳಿಕೆಯ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಗುರಿಗಚ್ಚಿಗೂ ಮುಂದಿನ ಗುರಿಮೊನೆಗೂ ನಡುವೆ 150 ಮಿಲಿಮೀಟರ್ ಇದ್ದು, ಮೊನೆ ಒಂದೇ ಒಂದು ಮಿಲಿಮೀಟರ್ ಸರಿದರೆ 7 ಮೀಟರ್ ದೂರದಲ್ಲಿ ಗುಂಡು 47 ಮಿಲಿಮೀಟರ್ ಆಚೆ ಬೀಳುತ್ತದೆ. ನಡುವಿನ ಅಂತರ 100 ಮಿಲಿಮೀಟರ್ ಆದರೆ 70. ಇದು ಸಮಾಧಾನದಿಂದ ನಿಂತವನ ಲೆಕ್ಕ, ಎದೆ ಹೊಡೆದುಕೊಳ್ಳುತ್ತಿರುವವನ ಕೈ ಒಂದು ಮಿಲಿಮೀಟರಿಗೆ ನಿಲ್ಲುವುದಿಲ್ಲ. ಪೊಲೀಸ್ ಇಲಾಖೆ ಹಲವು ಜಿಲ್ಲೆಗಳಲ್ಲಿ ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಒಳ್ಳೆಯದೇ, ಆದರೆ ಅಲ್ಲಿ ಹೆಗಲಿಗೆ ಆನಿಸುವುದು ರೈಫಲ್. ಪಿಸ್ತೂಲಿಗೆ ಪಳಗಿದ ಕೈ ಬೇರೆ.

ಸಣ್ಣದಾದರೇನು, ಹತ್ತಿರದಿಂದ ತಾನೇ ಹೊಡೆಯುವುದು ಎನ್ನಬಹುದು. ಹತ್ತಿರದಲ್ಲಿ ಕೊರತೆಯಾಗುವುದು ಗುರಿಯದಲ್ಲ, ಸಮಯದ್ದು. 1983ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ ಅಳೆದು ಬರೆದಂತೆ, ಚಾಕು ಹಿಡಿದವನು 21 ಅಡಿ ಓಡಿ ಬರಲು ಸುಮಾರು ಒಂದೂವರೆ ಸೆಕೆಂಡು ಸಾಕು. ಸೊಂಟದ ಮೇಲೆ ಕಾಣುವಂತೆ ಧರಿಸಿದ ಪಿಸ್ತೂಲನ್ನು ಪಳಗಿದ ಪೊಲೀಸ್ ತೆಗೆದು ಹೊಡೆಯುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಅಂಗಿಯ ಕೆಳಗಿನದಕ್ಕೆ ಇನ್ನೂ ಹೆಚ್ಚು ಬೇಕು. 2022ರ ಜುಲೈ 5ರಂದು ಹುಬ್ಬಳ್ಳಿಯ ಉಣಕಲ್‌ನ ಹೋಟೆಲೊಂದರ ಸ್ವಾಗತ ಕೋಣೆಯಲ್ಲಿ ‘ಸರಳ ವಾಸ್ತು’ ಖ್ಯಾತಿಯ ಚಂದ್ರಶೇಖರ ಗುರೂಜಿ ಕೊಲೆಯಾದದ್ದನ್ನು ಸಿಸಿಟಿವಿ ದೃಶ್ಯದಲ್ಲಿ ನಾಡೇ ನೋಡಿತು. ಬಂದ ಇಬ್ಬರಲ್ಲಿ ಒಬ್ಬ ಕಾಲಿಗೆ ನಮಸ್ಕಾರ ಮಾಡಲು ಬಾಗುತ್ತಾನೆ, ಮರುಗಳಿಗೆಗೆ ಚಾಕು ಹೊರಬರುತ್ತದೆ. ನಡುವಿನ ಅಂತರ 21 ಅಡಿಯಲ್ಲ, ಒಂದು ತೋಳು. ಆ ಜಾಗದಲ್ಲಿ ಎಂಥ ಪಿಸ್ತೂಲು ಸೊಂಟದಲ್ಲಿದ್ದರೂ ಅಲ್ಲೇ ಉಳಿಯುತ್ತಿತ್ತು.

ಹಾಗಾದರೆ ದುಷ್ಟರ ಕೈಯಲ್ಲಿ ಸಣ್ಣ ಪಿಸ್ತೂಲು ಕೆಲಸ ಮಾಡುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದು 7.65 ಎಂಎಂ ನಾಡ ಪಿಸ್ತೂಲಿನ ಗುಂಡು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರನ್ನು ಕೊಲ್ಲಲು ಬಳಸಿದ್ದೂ ಅದೇ ಆಯುಧವೆಂದು ವಿಧಿವಿಜ್ಞಾನ ವರದಿ ಹೇಳಿತು. 7.65 ಎಂಎಂ ಎಂಬುದು ಪಿಸ್ತೂಲಿನ .32 ಕಾಡತೂಸಿನದೇ ಇನ್ನೊಂದು ಹೆಸರು. ಹಾಗಾಗಿ .32 ಆಟಿಕೆ, ಅದರಿಂದ ಏನೂ ಆಗದು ಎಂಬ ಇನ್ನೊಂದು ನಂಬಿಕೆಯೂ ಇಲ್ಲಿಗೆ ಮುಗಿಯಿತು. ಹಂತಕನ ಮೇಲುಗೈ ಆಯುಧದಿಂದ ಬಂದದ್ದಲ್ಲ. ಹೊತ್ತು, ಜಾಗ, ದೂರ ಮೂರನ್ನೂ ಆರಿಸಿಕೊಂಡವನು ಅವನು. ರಕ್ಷಣೆಗೆಂದು ಪಿಸ್ತೂಲು ಇಟ್ಟುಕೊಂಡವರಿಗೆ ಈ ಮೂರರಲ್ಲಿ ಒಂದರ ಆಯ್ಕೆಯೂ ಇರುವುದಿಲ್ಲ.

ಹೊಡೆಯುವುದು ಬೇಡ, ಇದೆಯೆಂದು ಗೊತ್ತಾದರೆ ಸಾಕು ಎನ್ನುವವರೂ ಇದ್ದಾರೆ. ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಒರೆಯಲ್ಲೋ ಚೀಲದಲ್ಲೋ ಪೂರ್ತಿ ಮುಚ್ಚಿಕೊಂಡಿರಬೇಕು. ಅಡಗಿಸಿ ಒಯ್ಯಲು ಬೇರೆ ಅನುಮತಿ ಬೇಕೆಂಬುದು ತಪ್ಪು, ಅಡಗಿಸುವುದೇ ಇಲ್ಲಿ ನಿಯಮ. ಮುಚ್ಚಿದ ಪಿಸ್ತೂಲು ಯಾರನ್ನೂ ಹೆದರಿಸುವುದಿಲ್ಲ, ತೆಗೆದು ಝಳಪಿಸಿದರೆ ಪರವಾನಗಿಗೇ ಸಂಚಕಾರ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿದರಂತೂ 2019ರ ತಿದ್ದುಪಡಿಯ ಮೇಲೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಉಳಿದದ್ದು ಮನೆಯೊಳಗಿನ ಮಾತು. ರಿವಾಲ್ವರ್ ತಾನಾಗಿ ಸಿಡಿಯದು ಎಂದು ನಂಬಿದವರು 2024ರ ಅಕ್ಟೋಬರ್ 1ರ ನಸುಕನ್ನು ನೆನೆಯಬೇಕು. ಮುಂಬೈಯಲ್ಲಿ ನಟ ಗೋವಿಂದ ಅವರ ಪರವಾನಗಿಯ ರಿವಾಲ್ವರ್ ತೆಗೆದಿಡುವಾಗ ಕೈಜಾರಿ ಬಿದ್ದು ಗುಂಡು ಅವರ ಕಾಲಿಗೇ ಹೊಕ್ಕಿತು ಎಂದು ಅವರ ಕಡೆಯವರು ಹೇಳಿದರು. ಹಳೆಯ ಮಾದರಿಯ ಹಲವು ರಿವಾಲ್ವರುಗಳಲ್ಲಿ ಸುತ್ತಿಗೆಯನ್ನು ತಡೆಯುವ ಅಡ್ಡಪಟ್ಟಿ ಇರುವುದಿಲ್ಲ. ಅದಕ್ಕೇ ಆರು ಗೂಡಿನಲ್ಲಿ ಐದೇ ಗುಂಡು ತುಂಬಿ, ಸುತ್ತಿಗೆಯ ಎದುರಿನ ಗೂಡನ್ನು ಖಾಲಿ ಬಿಡುವ ರೂಢಿ ಇದೆ.

ಇಷ್ಟಾದ ಮೇಲೂ ತಕ್ಕ ಕಾರಣವಿದ್ದು ಪರವಾನಗಿ ಸಿಕ್ಕವರು ಅಂಗಡಿಯ ಗಾಜಿನ ಹಿಂದಿನ ಅತಿ ಸಣ್ಣದನ್ನು ಬಿಟ್ಟು, ಕಿರುಬೆರಳಿಗೂ ಹಿಡಿಯಲ್ಲಿ ಜಾಗವಿರುವುದನ್ನು ನೋಡಲಿ. ಒರೆ ಟ್ರಿಗರನ್ನು ಪೂರ್ತಿ ಮುಚ್ಚಲಿ. ಮನೆಯಲ್ಲಿ ಬೀಗದ ಕಬ್ಬಿಣದ ಪೆಟ್ಟಿಗೆ ಇರಲಿ, ಗುಂಡುಗಳು ಬೇರೆ ಕಡೆ. ಮತ್ತೆ, ಚುನಾವಣೆ ಘೋಷಣೆಯಾಗಿ ಆಯುಧ ಒಪ್ಪಿಸಿ ಎಂಬ ಆದೇಶ ಬಂತೆಂದರೆ, ಪರಿಶೀಲನಾ ಸಮಿತಿ ವಿನಾಯಿತಿ ಕೊಡದ ಹೊರತು, ಅದನ್ನು ಠಾಣೆಯಲ್ಲಿಟ್ಟು ರಸೀದಿ ತೆಗೆದುಕೊಂಡು ಬರಬೇಕು. ಫಲಿತಾಂಶ ಬರುವ ತನಕ ಸೊಂಟದಲ್ಲಿರುವುದು ಆ ರಸೀದಿಯೇ.