ವಿಕಲಚೇತನ ಮಹಿಳೆಯರು ಮತ್ತು ಎಚ್.ಐ.ವಿ.: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ವಿಷಯಗಳು

ವಿಕಲಚೇತನ ಮಹಿಳೆಗೆ ಎಚ್.ಐ.ವಿ. ಸೋಂಕಿನ ಅಪಾಯವಿಲ್ಲ ಎಂಬ ನಂಬಿಕೆ ಊರುಗಳಲ್ಲಿ ಬಲವಾಗಿ ಬೇರೂರಿದೆ. ಆಕೆ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಆಕೆಗೆ ದಾಂಪತ್ಯ ಜೀವನವಿರುವುದಿಲ್ಲ ಎಂಬ ಊಹೆಯೇ ಇದಕ್ಕೆ ಮೂಲ. ವಿಶ್ವಬ್ಯಾಂಕ್ ಹಾಗೂ ಅಮೆರಿಕದ ಯೇಲ್ ವಿಶ್ವವಿದ್ಯಾಲಯ ನಡೆಸಿ 2004ರಲ್ಲಿ ಪ್ರಕಟಿಸಿದ ಜಾಗತಿಕ ಸಮೀಕ್ಷೆಯು ಈ ಊಹೆಯನ್ನು ಅಲ್ಲಗಳೆದಿದೆ. ಸೋಂಕಿಗೆ ಕಾರಣವಾಗುವ ಸಂದರ್ಭಗಳನ್ನು ವಿಕಲಚೇತನರು ಇತರರಷ್ಟೇ, ಕೆಲವೆಡೆ ಇತರರಿಗಿಂತಲೂ ಹೆಚ್ಚಾಗಿ ಎದುರಿಸುತ್ತಾರೆ. ಆದರೆ ತಿಳುವಳಿಕೆ ಮತ್ತು ಚಿಕಿತ್ಸೆ ಅವರನ್ನು ತಲುಪುವುದು ಕಡಿಮೆ ಎಂಬುದು ಅದರ ಸಾರ. ಅಪಾಯವಿಲ್ಲವೆಂದು ಭಾವಿಸಿ ಯಾರೂ ಅವರಿಗೆ ವಿಷಯ ತಿಳಿಸುವುದಿಲ್ಲ. ತಿಳಿಸದೇ ಇರುವುದರಿಂದಲೇ ಅಪಾಯ ಹೆಚ್ಚುತ್ತದೆ.

ಅಪಾಯ ಎಲ್ಲಿಂದ ಬರುತ್ತದೆ

ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಸೋಂಕಿತ ಸೂಜಿ ಮತ್ತು ತಾಯಿಯಿಂದ ಮಗುವಿಗೆ ಎಂಬ ನಾಲ್ಕು ಮಾರ್ಗಗಳಿಂದ ಎಚ್.ಐ.ವಿ. ಹರಡುತ್ತದೆ. ವಿಕಲಚೇತನ ಮಹಿಳೆಯರಲ್ಲಿ ವಿವಾಹಿತರೂ ಇದ್ದಾರೆ, ತಾಯಂದಿರೂ ಇದ್ದಾರೆ. ವಿಜಯಪುರ ಜಿಲ್ಲೆಯಿಂದ ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೆ, ಗೋವಾದ ಕಟ್ಟಡ ಕೆಲಸಗಳಿಗೆ ದುಡಿಯಲು ಹೋಗುವ ಕುಟುಂಬಗಳು ಹಲವು. ದುಡಿಯಲು ಹೋಗುವುದು ತಪ್ಪಲ್ಲ. ಆದರೆ ಆ ತಿಂಗಳುಗಳಲ್ಲಿ ನಡೆಯಲಾಗದ, ನೋಡಲಾಗದ ಅಥವಾ ಮಾತನಾಡಲಾಗದ ಮಗಳು ವೃದ್ಧರೊಂದಿಗೆ ಊರಿನಲ್ಲಿ ಉಳಿಯಬೇಕಾಗುತ್ತದೆ. ದೌರ್ಜನ್ಯ ನಡೆದರೆ ಕೂಗಿ ಕರೆಯಲು ಅಥವಾ ನಡೆದುದನ್ನು ವಿವರಿಸಲು ಸಾಧ್ಯವಾಗದವರೇ ಹೆಚ್ಚಿನ ಅಪಾಯದಲ್ಲಿರುತ್ತಾರೆ. ಬೌದ್ಧಿಕ ವಿಕಲತೆಯುಳ್ಳ ಮಹಿಳೆಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ.

ಕಳಂಕದ ಎರಡು ಪದರ

ಎಚ್.ಐ.ವಿ. ಸೋಂಕಿತರನ್ನು ಮುಟ್ಟುವುದರಿಂದ, ಅವರೊಡನೆ ಊಟ ಮಾಡುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ ಸೋಂಕು ತಗುಲುವುದಿಲ್ಲ. ಈ ಮಾತು ಎಲ್ಲರೂ ಕೇಳಿದ್ದೇ. ಆದರೂ ವಿಕಲಚೇತನ ಮಹಿಳೆಯ ಬದುಕಿನಲ್ಲಿ ಇದಕ್ಕೆ ಬೇರೆಯೇ ತೂಕವಿದೆ. ಇತರ ಸೋಂಕಿತರಿಗೆ ನೆರೆಹೊರೆ ದೂರವಾದರೆ ಮನಸ್ಸು ನೋಯುತ್ತದೆ. ಹಾಸಿಗೆಯಿಂದ ಎಬ್ಬಿಸಲು, ಸ್ನಾನ ಮಾಡಿಸಲು, ಶೌಚಾಲಯಕ್ಕೆ ಕರೆದೊಯ್ಯಲು ಇನ್ನೊಬ್ಬರ ಕೈ ಬೇಕಾದವಳಿಗೆ ಆ ಕೈ ಹಿಂದೆ ಸರಿದರೆ ದಿನವೇ ನಿಂತುಹೋಗುತ್ತದೆ. ಈ ಭಯದಿಂದಲೇ ಅನೇಕರು ಪರೀಕ್ಷೆಗೆ ಬರುವುದಿಲ್ಲ.

ಗುಟ್ಟು ಕಾಪಾಡಿಕೊಳ್ಳುವುದೂ ಇವರಿಗೆ ಕಠಿಣ. ಕಿವುಡ ಮಹಿಳೆಯ ಪರವಾಗಿ ಅತ್ತೆಯೋ ನೆರೆಯವರೋ ಆಪ್ತಸಮಾಲೋಚಕರೊಡನೆ ಮಾತನಾಡುತ್ತಾರೆ. ಅಂಧ ಮಹಿಳೆಯ ವರದಿಯನ್ನು ಬೇರೆಯವರು ಓದುತ್ತಾರೆ. ಹೀಗೆ ಆಕೆ ತಿಳಿಯುವ ಮೊದಲೇ ಆಕೆಯ ವಿಷಯ ಊರಿಗೆ ತಿಳಿದಿರುತ್ತದೆ.

ಪರೀಕ್ಷೆ ಮತ್ತು ಚಿಕಿತ್ಸೆ

ಸರ್ಕಾರಿ ಐ.ಸಿ.ಟಿ.ಸಿ. ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಮತ್ತು ರಕ್ತಪರೀಕ್ಷೆ ಉಚಿತ. ವಿಜಯಪುರ ನಗರದ ಜಿಲ್ಲಾ ಆಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಔಷಧವೂ ಉಚಿತ. ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಆರಂಭಿಸುವ ನೀತಿ 2017ರಿಂದ ಜಾರಿಯಲ್ಲಿದೆ. ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟದಲ್ಲಿಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ಶೇ. 15ರಿಂದ 45ರಷ್ಟು; ಸಕಾಲಿಕ ಚಿಕಿತ್ಸೆಯಿಂದ ಅದನ್ನು ಶೇ. 5ಕ್ಕಿಂತ ಕೆಳಗಿಳಿಸಬಹುದು.

ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳ ಮಹಿಳೆಗೆ ಜಿಲ್ಲಾ ಆಸ್ಪತ್ರೆ ದೂರದ ಊರೇನಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಆಕೆಗೂ ಜೊತೆಗೆ ಬರುವ ಮಹಿಳೆಗೂ ಪ್ರಯಾಣ ಉಚಿತ. ಆದರೆ ಬಸ್ಸಿನ ಮೆಟ್ಟಿಲು ಹತ್ತಿಸುವವರು, ನಂಬಿಕೆಗೆ ಅರ್ಹರಾದ ಜೊತೆಗಾರರು ಬೇಕು. ಕೊರತೆಯಿರುವುದು ಇಲ್ಲಿಯೇ.

ಕಾನೂನು ನೀಡಿರುವ ರಕ್ಷಣೆ

2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆ, 2017 ಸೋಂಕಿತರ ವಿರುದ್ಧದ ತಾರತಮ್ಯವನ್ನು ನಿಷೇಧಿಸಿದೆ. ಬಾವಿ, ಕೆರೆ, ರಸ್ತೆ, ಸ್ಮಶಾನಗಳ ಬಳಕೆಯನ್ನು ನಿರಾಕರಿಸುವಂತಿಲ್ಲ. ವಾಸದ ಮನೆಯಿಂದ ಹೊರಹಾಕುವಂತಿಲ್ಲ. ತಿಳಿದು ನೀಡಿದ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವುದಾಗಲಿ, ಸೋಂಕಿನ ವಿಷಯವನ್ನು ಬಹಿರಂಗಪಡಿಸುವುದಾಗಲಿ ಸಲ್ಲದು. ಕಾಯ್ದೆಯಲ್ಲಿ ಹೇಳಿರುವ ಕೆಲವೇ ಸಂದರ್ಭಗಳು ಇದಕ್ಕೆ ಹೊರತು. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ದೌರ್ಜನ್ಯದಿಂದ ರಕ್ಷಣೆಯನ್ನೂ ತಡೆರಹಿತ ಆರೋಗ್ಯ ಸೇವೆಯನ್ನೂ ಹಕ್ಕೆಂದು ಮಾನ್ಯ ಮಾಡಿದೆ.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಯಾರಿಗೆ ಸೋಂಕಿದೆ ಎಂಬುದನ್ನು ಪಂಚಾಯತಿ ತಿಳಿಯಬೇಕಾಗಿಲ್ಲ. ಹೆಸರು ಕೇಳಬಾರದು, ಅಕಸ್ಮಾತ್ ತಿಳಿದರೆ ಗ್ರಾಮಸಭೆಯಲ್ಲಾಗಲಿ, ಫಲಾನುಭವಿಗಳ ಪಟ್ಟಿಯಲ್ಲಾಗಲಿ, ಮನೆಯಲ್ಲಾಗಲಿ ಹೇಳಬಾರದು.

2. ಆರೋಗ್ಯ ಮಾಹಿತಿ ಸಭೆಗೆ ವಿಕಲಚೇತನ ಮಹಿಳೆಯರನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಆಹ್ವಾನಿಸಬೇಕು. ಬರಲಾಗದವರಿಗೆ ಮನೆಯಲ್ಲಿಯೇ ತಿಳಿಸಬೇಕು. ಎಲ್ಲ ಮಹಿಳೆಯರಿಗೂ ಒಂದೇ ಬಗೆಯ ಮಾಹಿತಿ ನೀಡಿದರೆ ಯಾರ ಮೇಲೂ ಸಂಶಯ ಬೀಳುವುದಿಲ್ಲ.

3. ಕಿವುಡ ಮಹಿಳೆಯರಿಗೆ ಚಿತ್ರ ಮತ್ತು ಸಂಜ್ಞೆಗಳ ಮೂಲಕ, ಅಂಧ ಮಹಿಳೆಯರಿಗೆ ಧ್ವನಿಯ ಮೂಲಕ, ಬೌದ್ಧಿಕ ವಿಕಲತೆಯುಳ್ಳವರಿಗೆ ಸರಳ ಮಾತಿನಲ್ಲಿ ಹಲವು ಬಾರಿ ವಿಷಯ ತಿಳಿಸಬೇಕು. ಗೋಡೆಗೆ ಅಂಟಿಸಿದ ಭಿತ್ತಿಪತ್ರ ಇವರೆಲ್ಲರಿಗೂ ಸಾಲದು.

4. ವಿಕಲಚೇತನರಿಗೆ ಮೀಸಲಾದ ಶೇ. 5ರ ಅನುದಾನದ ಕ್ರಿಯಾಯೋಜನೆ ರೂಪಿಸುವಾಗ ಉಪಕೇಂದ್ರದ ಇಳಿಜಾರು ದಾರಿ, ಕೈಹಿಡಿ, ಬಳಸಬಹುದಾದ ಶೌಚಾಲಯಗಳನ್ನು ನಿಯಮಾನುಸಾರ ಪರಿಗಣಿಸಬೇಕು.

5. ಲೈಂಗಿಕ ದೌರ್ಜನ್ಯ ನಡೆದಾಗ ಹಿರಿಯರ ರಾಜಿ ಮಾತುಕತೆಯಲ್ಲಿ ಸಮಯ ಕಳೆಯಬಾರದು. ಸೋಂಕು ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸಬೇಕು. ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. ಸಂತ್ರಸ್ತೆಗೆ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಗಳೆರಡೂ ಉಚಿತ ಚಿಕಿತ್ಸೆ ನೀಡತಕ್ಕದ್ದು. ಎರಡು ದಿನ ನಡೆದ ಪಂಚಾಯಿತಿ ಮಾತುಕತೆ ಆಕೆಯ ಜೀವನಪರ್ಯಂತದ ಸೋಂಕಿಗೆ ಕಾರಣವಾಗಬಹುದು.

6. ಎಚ್.ಐ.ವಿ. ಮಾಹಿತಿಗೆ 1097, ಮಹಿಳಾ ಸಹಾಯವಾಣಿ 181, ತುರ್ತು ಸಹಾಯಕ್ಕೆ 112 ಸಂಖ್ಯೆಗಳನ್ನು ಪಂಚಾಯತಿ ಕಚೇರಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು.

ಎಚ್.ಐ.ವಿ. ಇಂದು ಚಿಕಿತ್ಸೆಯಿಂದ ನಿಯಂತ್ರಿಸಬಹುದಾದ ಸೋಂಕು. ಚಿಕಿತ್ಸೆಯ ಬಾಗಿಲು ತೆರೆದಿದೆ. ಅಲ್ಲಿಯವರೆಗಿನ ದಾರಿಯನ್ನು ವಿಕಲಚೇತನ ಮಹಿಳೆಗೆ ಸುಗಮಗೊಳಿಸಿ, ಆಕೆಯ ಗುಟ್ಟನ್ನು ಗುಟ್ಟಾಗಿಯೇ ಉಳಿಸುವುದು ಗ್ರಾಮ ಪಂಚಾಯತಿಯ ಕರ್ತವ್ಯವಾಗಿದೆ.