ತುಟಿಯ ಮೇಲಿನ ಜ್ವರದ ಗುಳ್ಳೆ

ತುಟಿಯಂಚಿನಲ್ಲಿ ಏಳುವ ನೀರುಗುಳ್ಳೆಗಳನ್ನು ಜ್ವರ ಬಿಟ್ಟ ಗುರುತೆಂದು ಹೇಳುವುದುಂಟು. ಇವುಗಳ ಮೂಲ ಜ್ವರವಲ್ಲ. ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಒಮ್ಮೆ ಹೊಕ್ಕಿತೆಂದರೆ ಅದು ಮುಖದ ನರದ ಬುಡದಲ್ಲಿ ಅಡಗಿರುತ್ತದೆ. ಜ್ವರ, ಬಿಸಿಲು, ಬಳಲಿಕೆಗಳು ಅದನ್ನು ಎಬ್ಬಿಸುತ್ತವೆ. ಗುಳ್ಳೆ ಸಾಮಾನ್ಯವಾಗಿ 10 ದಿನಗಳೊಳಗೆ ತಾನಾಗಿಯೇ ಮಾಯುತ್ತದೆ.

ಹಾಗಾದರೆ ಮನೆಮದ್ದಿನ ಕೆಲಸವೇನು? ಅದು ವೈರಸ್ಸನ್ನು ಓಡಿಸಲಾರದು, ನೋವನ್ನು ತಗ್ಗಿಸೀತು. ತಣ್ಣೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆ ಉರಿಯನ್ನು ಶಮನಗೊಳಿಸುತ್ತದೆ. ಕೊಬ್ಬರಿ ಎಣ್ಣೆಯ ಲೇಪ ಹಕ್ಕಳೆ ಬಿರಿಯದಂತೆ ಕಾಯುತ್ತದೆ. ನ್ಯೂಜಿಲೆಂಡಿನಲ್ಲಿ 952 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಔಷಧಕ್ಕೆಂದೇ ಶುದ್ಧಿಗೊಳಿಸಿದ ಜೇನು ಅಸೈಕ್ಲೋವಿರ್ ಮುಲಾಮಿಗೆ ಸಮನಾಗಿ ಕಂಡಿತು. ಸುಣ್ಣ, ನಿಂಬೆರಸ ಮಾತ್ರ ಬೇಡ. ಅವು ಚರ್ಮವನ್ನು ಸುಡುತ್ತವೆ.

ದೊಡ್ಡವರಿಗೆ ಅಲ್ಪವಾದ ಈ ಸೋಂಕು ಹಸುಗೂಸಿಗೆ ಪ್ರಾಣಾಂತಕವಾಗಬಲ್ಲದು. ಆದುದರಿಂದ ಗುಳ್ಳೆಯಿರುವವರು, ನಾಮಕರಣಕ್ಕೆ ಬಂದ ನಂಟರೇ ಆಗಿರಲಿ, ಮಗುವಿಗೆ ಮುತ್ತಿಡಬಾರದು. ಕಣ್ಣಿನ ಬಳಿ ಗುಳ್ಳೆ ಎದ್ದರೆ ಮನೆಮದ್ದನ್ನು ಬಿಟ್ಟು ಅಂದೇ ವೈದ್ಯರನ್ನು ಕಾಣತಕ್ಕದ್ದು.