ಸರಿದ ಬದು, 12 ವರ್ಷದ ಗಡುವು

ಹೊಲದ ಕಬ್ಜಾ ಬಹುಪಾಲು ಸದ್ದಿಲ್ಲದೆ ಆಗುತ್ತದೆ. ಆಳಂದ ತಾಲ್ಲೂಕಿನ ಸರಸಂಬಾದಂಥ ಊರಿನ ಎರೆಹೊಲದಲ್ಲಿ ತೊಗರಿ ಬಿತ್ತುವಾಗ ಕೂರಿಗೆ ಬದು ದಾಟಿ ಒಂದು ಸಾಲು ಆಚೆ ಹೋಗುತ್ತದೆ, ಮರುವರ್ಷ ಇನ್ನೊಂದು. ಬಾಂದುಕಲ್ಲು ಕಿತ್ತುಹೋದ ಮೇಲೆ ಹಿರಿಯರ ನೆನಪೇ ಸಾಕ್ಷಿ. ಹೊಲದವರು ಪುಣೆ, ಮುಂಬಯಿಗೆ ದುಡಿಯಲು ಹೋಗಿದ್ದರಂತೂ ಕೇಳುವವರೇ ಇಲ್ಲ.

ಇಂಥ ತಕರಾರಿಗೆ ಮೊದಲ ಹೆಜ್ಜೆ ಹದ್ದುಬಸ್ತು. ಅರ್ಜಿ ಹಾಕಿ ಶುಲ್ಕ ಕಟ್ಟಿದರೆ ಸರ್ವೆಯವರು ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಅಳೆದು, ಗಡಿ ಗುರುತಿಸುತ್ತಾರೆ. ಅಷ್ಟೇ, ಒತ್ತಿಕೊಂಡವನನ್ನು ಎಬ್ಬಿಸುವುದು ಅವರ ಕೆಲಸವಲ್ಲ. ಪಹಣಿಯಲ್ಲಿ ಹೆಸರಿದ್ದರೆ ಗೆದ್ದಂತೆ ಎಂಬ ನಂಬಿಕೆಯೂ ಅರ್ಧ ಸತ್ಯ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಪಹಣಿಯ ನಮೂದು ತಪ್ಪೆಂದು ಸಾಬೀತಾಗುವ ತನಕ ಮಾತ್ರ ನಿಜ. ಒಡೆತನದ ಕೊನೆಮಾತು ಸಿವಿಲ್ ಕೋರ್ಟಿನದು.

ಅಲ್ಲಿ ಎಲ್ಲಕ್ಕಿಂತ ದೊಡ್ಡದು ತಾರೀಖು. ಕಾನೂನು ಬಿಟ್ಟು ಹೊರಹಾಕಲ್ಪಟ್ಟವರು 6 ತಿಂಗಳೊಳಗೆ ಬಂದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ, ಒಡೆತನದ ಕಾಗದ ತೋರಿಸದೆಯೇ ಸ್ವಾಧೀನ ಮರಳಿ ಕೇಳಬಹುದು. ಅದು ತಪ್ಪಿದರೆ ಹಕ್ಕು ರುಜುವಾತು ಮಾಡುವ ದಾವೆ. ಒಬ್ಬನು ಒಡೆಯನ ಹಕ್ಕನ್ನು ಧಿಕ್ಕರಿಸಿ, ಊರೆದುರಿಗೇ, ಬಿಡುವಿಲ್ಲದೆ 12 ವರ್ಷ ಉಳುತ್ತ ಬಂದರೆ, ಕಾಲಮಿತಿ ಕಾಯ್ದೆಯಂತೆ ಒಡೆಯನ ಹಕ್ಕೇ ಅಳಿದುಹೋಗುತ್ತದೆ. ಇದೇ ಪ್ರತಿಕೂಲ ಸ್ವಾಧೀನ. ಸರ್ಕಾರಿ ಜಮೀನಾದರೆ ಈ ಅವಧಿ 30 ವರ್ಷ. ಲಾವಣಿಗೆ ಹಿಡಿದವನಿಗಾಗಲಿ, ಅಣ್ಣನ ಹೊಲ ನೋಡಿಕೊಳ್ಳುವ ತಮ್ಮನಿಗಾಗಲಿ ಈ ಲಾಭವಿಲ್ಲ. ಒಪ್ಪಿಗೆಯಿಂದ ಉತ್ತದ್ದು ಎಷ್ಟು ವರ್ಷವಾದರೂ ಒಪ್ಪಿಗೆಯದೇ. ಕಾನೂನು ಕಳ್ಳನಿಗೆ ಬಹುಮಾನ ಕೊಡುತ್ತದೆಂಬ ಟೀಕೆ ಹಳೆಯದು, ತೆಗೆದುಹಾಕುವಂಥದ್ದೂ ಅಲ್ಲ. ಆದರೂ 2023ರಲ್ಲಿ ಕಾನೂನು ಆಯೋಗ ಈ ಗಡುವು ಹೆಚ್ಚಿಸಲು ಕಾರಣವಿಲ್ಲ ಎಂದಿತು.

ಪೊಲೀಸ್ ದಾರಿ ಕಿರಿದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧಿಕ ಅತಿಕ್ರಮ ಪ್ರವೇಶಕ್ಕೆ 3 ತಿಂಗಳವರೆಗೆ ಸೆರೆ ಇಲ್ಲವೆ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಆದರೆ ಬೆದರಿಸುವ, ಅವಮಾನಿಸುವ, ಕಿರಿಕಿರಿ ಮಾಡುವ ಇಲ್ಲವೆ ಅಪರಾಧ ಮಾಡುವ ಉದ್ದೇಶ ಸಾಬೀತಾಗಬೇಕು. 2011ರ ಭೂಕಬಳಿಕೆ ನಿಷೇಧ ಕಾಯ್ದೆಯ ಹೆಸರು ಜೋರಾಗಿದ್ದರೂ ಅದು ಕಾಯುವುದು ಸರ್ಕಾರ, ಸ್ಥಳೀಯ ಸಂಸ್ಥೆ, ಮುಜರಾಯಿ, ವಕ್ಫ್‌ನಂಥ ಜಮೀನುಗಳನ್ನು. ರೈತನ ಸ್ವಂತ ಹೊಲ ಅದರೊಳಗೆ ಬರುವುದಿಲ್ಲ.

ಹಾಗೆಂದು ಒಡೆಯನು ಜನ ಕಟ್ಟಿಕೊಂಡು ಹೋಗಿ ನಿಂತ ಬೆಳೆ ಕೆಡವುವಂತೆಯೂ ಇಲ್ಲ. ಕರ್ನಾಟಕದಿಂದ ಹೋದ ಮೊಕದ್ದಮೆಯೊಂದರಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮಾತಿದು: ಒಳನುಗ್ಗುತ್ತಿರುವವನನ್ನು ಆಗಲೇ ತಡೆಯಬಹುದು, ನೆಲೆಯೂರಿದವನನ್ನು ಕೋರ್ಟಿನ ಮೂಲಕವೇ ಎಬ್ಬಿಸಬೇಕು.